ಬಿಎಸ್ಸಿ ಸೀಟು ಖಾಲಿ ಇದೆ, ಟಿಸಿ ಮಾತ್ರ ಕೈಯಲ್ಲಿಲ್ಲ. ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ ರೀ. ನಮ್ಮದು ಗದಗ. ತಂಗಿ ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ಧಾರವಾಡದಲ್ಲೇ ಬಿಎಸ್ಸಿ ಓದಬೇಕು ಅಂತ ಅವಳ ಹಟ. ಆಗ ಸೀಟು ಸಿಗಲಿಲ್ಲ. ವರ್ಷ ಸುಮ್ನೆ ಹಾಳಾಗೋದು ಬೇಡ ಅಂತ ಇಲ್ಲೇ ಬಿಕಾಂಗೆ ಸೇರಿಸಿದೆವು. ಈಗ ಸಿಇಟಿ ಸೀಟು ಹಂಚಿಕೆಯಾಗಿ ಒಂದಿಷ್ಟು ಹುಡುಗರು ಇಂಜಿನಿಯರಿಂಗ್‌ಗೆ ಹೋಗಿದ್ದಾರೆ. ಧಾರವಾಡದ ಕಾಲೇಜಿನಿಂದ ಫೋನ್ ಬಂತು, ಸೀಟು ಖಾಲಿ ಇದೆ, ಬೇಗ ಬನ್ನಿ ಅಂತ.

ತೊಡಕು ಇಲ್ಲಿಂದ ಶುರು. ಅವರಿಗೆ ಒರಿಜಿನಲ್ ಟಿಸಿ ಬೇಕು. ಅದು ಬಿಕಾಂ ಕಾಲೇಜಿನ ಕಪಾಟಿನಲ್ಲಿದೆ. ಇಲ್ಲಿ ಕೇಳಿದರೆ ಮೊದಲು ಅಡ್ಮಿಷನ್ ರದ್ದು ಮಾಡಿಸಿ, ಆಮೇಲೆ ಟಿಸಿ ಅನ್ನುತ್ತಾರೆ. ಅಷ್ಟರಲ್ಲಿ ಅಲ್ಲಿನ ಸೀಟು ಬೇರೆಯವರ ಪಾಲಾದರೆ ಎರಡೂ ಹೋದ ಹಾಗೆ, ಅಲ್ವಾ? ಸದ್ಯ ಝೆರಾಕ್ಸ್ ಇಟ್ಟುಕೊಳ್ಳಿ, ಮುಚ್ಚಳಿಕೆ ಬರೆದುಕೊಡುತ್ತೇವೆ ಅಂತ ಧಾರವಾಡದಲ್ಲಿ ಕೇಳಿ ನೋಡಿದೆವು. ಕ್ಲರ್ಕ್ ಫೈಲಿನಿಂದ ತಲೆ ಎತ್ತದೆ ಪ್ರಿನ್ಸಿಪಾಲರನ್ನು ಕೇಳಿ ಅಂದರು. ಪ್ರಿನ್ಸಿಪಾಲರು ರಜೆ! ಡಿಗ್ರಿ ಅಡ್ಮಿಷನ್‌ನ ಸರ್ಕಾರಿ ಆನ್‌ಲೈನ್ ಪೋರ್ಟಲ್ ಯುಯುಸಿಎಂಎಸ್‌ನಲ್ಲೂ ಅವಳ ಹೆಸರು ಬಿಕಾಂಗೇ ತೋರಿಸುತ್ತಿದೆ.

ಕರ್ನಾಟಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲೇ ಹೀಗೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ತಡವಾಗಿ ಸೇರಿದವರು ಇದ್ದರೆ ದಯವಿಟ್ಟು ಹೇಳಿ. ಹಳೇ ಅಡ್ಮಿಷನ್ ರದ್ದಾಗುವ ಮೊದಲೇ ಹೊಸ ಕಾಲೇಜಿನವರು ಸೀಟು ಹಿಡಿದಿಟ್ಟು ಬರಹದಲ್ಲಿ ಕೊಡುತ್ತಾರಾ? ಕೊಡುವುದಾದರೆ ಅರ್ಜಿ ಕಾಲೇಜಿಗಾ, ಯುನಿವರ್ಸಿಟಿಗಾ?