ಬರೀ ಜೇಸನ್ ಕೊಡುವ ಪಿಎಚ್‌ಪಿ ಸ್ಕ್ರಿಪ್ಟನ್ನು ವೆಬ್ ಸರ್ವಿಸ್ ಅನ್ನಬಹುದಾ?

ಶಿರಸಿ_ಕೋಡರ್:
ಶಿರಸಿಯ ಅಡಿಕೆ ವ್ಯಾಪಾರಿಯೊಬ್ಬರಿಗೆ ಟೆಂಡರ್ ದರದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಹೀಗೆ ಅಡಿಕೆಯ ಒಂದೊಂದು ಬಗೆಗೂ ಕನಿಷ್ಠ, ಗರಿಷ್ಠ, ಸರಾಸರಿ ದರ. ತಾರೀಕು ಹಾಕಿ ಯುಆರ್‌ಎಲ್ ಕರೆದರೆ ಸರ್ವರ್‌ನ ಪಿಎಚ್‌ಪಿ ಸ್ಕ್ರಿಪ್ಟಿನಿಂದ ಜೇಸನ್ (ಪ್ರೋಗ್ರಾಂ ಸುಲಭವಾಗಿ ಓದುವ ಪಠ್ಯರೂಪದ ಡೇಟಾ) ಬರುತ್ತದೆ, ನಮ್ಮ ಮೊಬೈಲ್ ಆ್ಯಪ್ ಅದನ್ನೇ ಓದುವುದು. ಈಗ ಹೊರಗಿನ ಕಂಪನಿಯೊಂದು ಇದೇ ದರ ತಮ್ಮ ಸಾಫ್ಟ್‌ವೇರಿಗೂ ಬೇಕು, ವೆಬ್ ಸರ್ವಿಸ್ ಕೊಡಿ ಅಂದಿತು. ಯುಆರ್‌ಎಲ್ ಕಳಿಸಿದರೆ, "ಡಬ್ಲ್ಯುಎಸ್‌ಡಿಎಲ್ ಎಲ್ಲಿ? ಇದು ವೆಬ್ ಸರ್ವಿಸ್ ಅಲ್ಲ" ಅಂತ ಮೇಲ್ ಬಂತು. ಡಬ್ಲ್ಯುಎಸ್‌ಡಿಎಲ್ ಅಂದರೆ ಸರ್ವಿಸ್‌ನ ವಿವರ ಬರೆದ ಫೈಲು. ಎಲ್ಲವನ್ನೂ ಸೋಪ್‌ನಲ್ಲಿ (ಅದರ ಜೊತೆ ಬಳಸುವ ಸಂದೇಶ ಪದ್ಧತಿ) ಮತ್ತೆ ಬರೀಬೇಕಾ?

ಹೊನ್ನಾವರ_ದೇವ್:
ಬೇಡ ಮಾರಾಯಾ. ಎಚ್‌ಟಿಟಿಪಿ ಮೇಲೆ ಡೇಟಾ ಹೋಯ್ತು ಅಂದ್ರೆ ವೆಬ್ ಸರ್ವಿಸ್ಸೇ.

ಕಾರವಾರದ_ಅಕ್ಕ:
ಅಷ್ಟು ಸಡಿಲ ಬಿಟ್ಟರೆ ಕಷ್ಟ. ಹಾಗಂದರೆ ಅಡಿಕೆ ದರ ತೋರಿಸುವ ಸಾದಾ ವೆಬ್ ಪೇಜೂ ಸರ್ವಿಸ್ ಆಗಿಬಿಡುತ್ತದೆ. ಆ ಪೇಜು ಇರುವುದು ಮನುಷ್ಯ ಕಣ್ಣಿಂದ ಓದಲಿಕ್ಕೆ. ವೆಬ್ ಸರ್ವಿಸ್ ಇರುವುದು ಒಂದು ಪ್ರೋಗ್ರಾಂ ಇನ್ನೊಂದು ಪ್ರೋಗ್ರಾಂನ್ನು ಕೇಳಲಿಕ್ಕೆ, ನಡುವೆ ಯಾರೂ ಕೂತು ಅರ್ಥ ಬಿಡಿಸದೆ.

ಆ ಕಂಪನಿಯವರು ಹೇಳಿದ್ದಕ್ಕೂ ಆಧಾರ ಇದೆ. ವೆಬ್‌ನ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯು3ಸಿ 2004ರ ಫೆಬ್ರವರಿಯಲ್ಲಿ ವೆಬ್ ಸರ್ವಿಸ್‌ಗೆ ಕೊಟ್ಟ ವಿವರಣೆಯಲ್ಲಿ ಡಬ್ಲ್ಯುಎಸ್‌ಡಿಎಲ್, ಸೋಪ್ ಎರಡರ ಹೆಸರೂ ಇದೆ. ಆದರೆ ಅದೇ ದಾಖಲೆ ಮುಂದೆ ರೆಸ್ಟ್ ಪದ್ಧತಿಯ, ಅಂದರೆ ಸೋಪ್ ಇಲ್ಲದೆ ನೇರ ಯುಆರ್‌ಎಲ್ ಕರೆದು ಡೇಟಾ ಪಡೆಯುವ ಥರದ, ವೆಬ್ ಸರ್ವಿಸ್‌ಗಳನ್ನೂ ಒಂದು ವರ್ಗವಾಗಿ ಒಪ್ಪಿಕೊಳ್ಳುತ್ತದೆ. ರೆಸ್ಟ್ ಅನ್ನುವುದು ರಾಯ್ ಫೀಲ್ಡಿಂಗ್ 2000ದಲ್ಲೇ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಬರೆದ ವಿಚಾರ. ಜಾವಾ ಭಾಷೆಯಲ್ಲಿ ಇಂಥ ಸರ್ವಿಸ್ ಬರೆಯಲು ಇರುವ ಜ್ಯಾಕ್ಸ್-ಆರ್‌ಎಸ್‌ನ ಪೂರ್ತಿ ಹೆಸರು ನೋಡಿ, ಅದರೊಳಗೇ "ರೆಸ್ಟ್‌ಫುಲ್ ವೆಬ್ ಸರ್ವಿಸಸ್" ಅಂತ ಇದೆ. ಸೋಪ್ ಇಲ್ಲ ಅನ್ನುವ ಒಂದೇ ಕಾರಣಕ್ಕೆ ನಿಮ್ಮದನ್ನು ತಳ್ಳಿಹಾಕಲು ಬರುವುದಿಲ್ಲ.

ನನಗೆ ಮುಖ್ಯ ಅನಿಸುವುದು ಬೇರೆ. ಡಬ್ಲ್ಯುಎಸ್‌ಡಿಎಲ್ ಮಾಡುವ ಕೆಲಸ ಏನು? ಏನು ಕಳಿಸಬೇಕು, ಏನು ಬರುತ್ತದೆ, ಯಾವುದು ಸಂಖ್ಯೆ, ಯಾವುದು ಅಕ್ಷರ, ಇದನ್ನೆಲ್ಲ ಮೊದಲೇ ಬರೆದುಕೊಡುವುದು. ಆ ಕರಾರು ನಿಮ್ಮಲ್ಲಿ ಇದೆಯಾ? ದರವನ್ನು "46,500" ಅಂತ ಅಲ್ಪವಿರಾಮ ಹಾಕಿ ಅಕ್ಷರವಾಗಿ ಕಳಿಸುತ್ತೀರೋ, 46500 ಅಂತ ಸಂಖ್ಯೆಯಾಗಿಯೋ? ಕ್ವಿಂಟಲಿಗೋ ಕಿಲೋಗೋ ಅಂತ ಎಲ್ಲಿ ಬರೆದಿದ್ದೀರಿ? 03-04 ಅಂದರೆ ನಮಗೆ ಏಪ್ರಿಲ್ 3, ಬೇರೆ ಸಾಫ್ಟ್‌ವೇರಿಗೆ ಮಾರ್ಚ್ 4 ಆಗಬಹುದು. 2025-04-03 ಅಂತ ವರ್ಷ ಮುಂದಿಟ್ಟು ಕಳಿಸಿ. ಕೆಂಪುಗೋಟನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ, ಅದಕ್ಕೊಂದು ಕೋಡ್ ಕೊಟ್ಟು ಆಮೇಲೆ ಬದಲಿಸಲೇಬೇಡಿ. ನಿಮ್ಮ ಆ್ಯಪ್‌ಗೆ ಇದೆಲ್ಲ ಗೊತ್ತು, ಎರಡನ್ನೂ ಬರೆದವರು ನೀವೇ. ಅವರ ಪ್ರೋಗ್ರಾಂಗೆ ಗೊತ್ತಿಲ್ಲ. ಈ ಕರಾರನ್ನು ಓಪನ್‌ಎಪಿಐ (ಇಂಥ ಕರಾರು ಬರೆಯುವ ಪ್ರಮಾಣಿತ ನಮೂನೆ) ಫೈಲಿನಲ್ಲಿ ಬರೆದು ಕಳಿಸಿ, ಆಗ ನಿಮ್ಮ ಸ್ಕ್ರಿಪ್ಟನ್ನು ವೆಬ್ ಸರ್ವಿಸ್ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಅವರ ಹಳೇ ಸಾಫ್ಟ್‌ವೇರಿಗೆ ಸೋಪ್ ಬಿಟ್ಟು ಬೇರೆ ಓದಲು ಬರುವುದೇ ಇಲ್ಲ ಅಂತಾದರೆ ಅದು ಬೇರೆ ಮಾತು, ಅದನ್ನು ಮೊದಲು ಕೇಳಿಕೊಳ್ಳಿ.

ಶಿರಸಿ_ಕೋಡರ್:
ಥ್ಯಾಂಕ್ಸ್ ಅಕ್ಕಾ. ಅವರಿಗೆ ಜೇಸನ್ ಓದಲು ಬರುತ್ತದಂತೆ, ಫೋನ್ ಮಾಡಿ ಕೇಳಿದೆ. ಇನ್ನೊಂದು ವಿಷಯ. ಭಾನುವಾರ ಟೆಂಡರ್ ಇಲ್ಲ. ಸದ್ಯ ಎಲ್ಲಾ ದರಕ್ಕೂ 0 ಹೋಗ್ತಾ ಇದೆ, ಆ್ಯಪ್ ಅದನ್ನು "ರಜೆ" ಅಂತ ತೋರಿಸುತ್ತದೆ. ಸಾಕಾ?

ಕಾರವಾರದ_ಅಕ್ಕ:
ಸಾಲದು. ಅವರ ಪ್ರೋಗ್ರಾಂ ಆ 0ಯನ್ನೂ ಸೇರಿಸಿ ವಾರದ ಸರಾಸರಿ ತೆಗೆಯುತ್ತದೆ, ರಾಶಿ ದರ ಒಮ್ಮೆಲೇ ಕುಸಿದ ಹಾಗೆ ಕಾಣುತ್ತದೆ. ಅದನ್ನು ನೋಡಿ ಯಾರಾದರೂ ಮಾಲು ಬಿಟ್ಟುಕೊಟ್ಟರೆ ನಷ್ಟ ಬೆಳೆಗಾರರದ್ದು. ಟೆಂಡರ್ ಇಲ್ಲದ ದಿನ ಉತ್ತರದ ಜೊತೆ ಹೋಗುವ ಎಚ್‌ಟಿಟಿಪಿ ಸ್ಟೇಟಸ್ ಕೋಡ್ 200 (ಎಲ್ಲ ಸರಿ ಅಂತ), ದರದ ಪಟ್ಟಿ ಖಾಲಿ. ತಾರೀಕೇ ತಪ್ಪಾಗಿದ್ದರೆ 400. ಡೇಟಾಬೇಸ್ ಸಿಗದಿದ್ದರೆ 503, ಆಗ ಅವರ ಕಡೆಯಿಂದ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಬಹುದು. ಈ ಮೂರನ್ನೂ ಆ ಓಪನ್‌ಎಪಿಐ ಫೈಲಿಗೆ ಸೇರಿಸಿ.