ಸಹಾಯ ಬೇಕು: 'ಅಫಿಶಿಯಸ್' ಮನುಷ್ಯನಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಕರಾರು ಕಾನೂನಿನ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. 1939ರ ಇಂಗ್ಲೆಂಡಿನ ತೀರ್ಪೊಂದರಲ್ಲಿ ಬರುವ 'ಅಫಿಶಿಯಸ್ ಬೈಸ್ಟ್ಯಾಂಡರ್' ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಇಬ್ಬರು ಕರಾರು ಮಾತಾಡುವಾಗ ಪಕ್ಕದಲ್ಲಿ ನಿಂತವನು ಮೂಗು ತೂರಿಸಿ, ಈ ಷರತ್ತನ್ನೂ ಬರೆದುಕೊಳ್ಳಿ ಅನ್ನುತ್ತಾನೆ. ಇಬ್ಬರೂ ಸಿಡುಕಿ, 'ಅದು ಇದ್ದೇ ಇದೆಯಲ್ರೀ!' ಅಂದರೆ, ಬರೆಯದಿದ್ದರೂ ಅದು ಕರಾರಿನಲ್ಲಿ ಸೇರಿದೆ ಎಂದೇ ಲೆಕ್ಕ. ಪಾಪ, ಬೈಸಿಕೊಂಡರೂ ಕೆಲಸಕ್ಕೆ ಬರುವ ಆಸಾಮಿ!

'ಅಧಿಕಪ್ರಸಂಗಿ' ಅಂದರೆ ಉದ್ಧಟತನ ಜಾಸ್ತಿಯಾಯಿತು ಅನಿಸುತ್ತದೆ, ಅಲ್ವಾ? ಇವನು ಕೇಳದೆಯೇ ಸಲಹೆ ಕೊಟ್ಟು ಯಜಮಾನಿಕೆ ಮಾಡುವವನು. ಹಿಂದೆ ಇಂಗ್ಲಿಷಿನ 'ಅಫಿಶಿಯಸ್' ಪದಕ್ಕೆ ಉಪಕಾರಿ ಎಂಬ ಒಳ್ಳೆಯ ಅರ್ಥವೂ ಇತ್ತು. ಸದ್ಯಕ್ಕೆ 'ನಡುವೆ ಬಾಯಿ ಹಾಕುವ ದಾರಿಹೋಕ' ಎಂದು ಬರೆದಿಟ್ಟಿದ್ದೇನೆ. ಉದ್ದವಾಯಿತು. ನಿಮ್ಮ ಕಡೆ ಇಂಥವರನ್ನು ಏನಂತ ಕರೆಯುತ್ತೀರಿ? ಬೈಗುಳವಾಗದ ಪದವಿದ್ದರೆ ದಯವಿಟ್ಟು ತಿಳಿಸಿ.