ಒಂದೇ ಸೆಲ್‌ನಲ್ಲಿ ಎಲ್ಲ ಸೇರಿಕೊಂಡಿದೆ, ಬಿಡಿಸೋದು ಹೇಗೆ? ಶೀಟಿನಿಂದ ಶೀಟಿಗೆ ಲಿಂಕ್ ಕೊಡೋದು ಹೇಗೆ?

ಪ್ರಶ್ನೆ:
ಮೇಡಂ, ನಮಸ್ಕಾರ. ನಾನು ನಮ್ಮೂರಿನ ಹಾಲು ಉತ್ಪಾದಕರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ನನಗಿಂತ ಮೊದಲು ಇದ್ದವರು 312 ಸದಸ್ಯರ ವಿವರವನ್ನು ಎಕ್ಸೆಲ್‌ನ ಒಂದೇ ಕಾಲಮ್ಮಿನಲ್ಲಿ ಟೈಪ್ ಮಾಡಿಟ್ಟಿದ್ದಾರೆ. ಒಂದು ಸಾಲು ಹೀಗಿದೆ. ಹೆಸರು, ನಂಬರ್ ಬದಲಿಸಿದ್ದೇನೆ.

027 / ಲಕ್ಷ್ಮಮ್ಮ ಕೋಂ ನಿಂಗಯ್ಯ / ಹೊಸಹಳ್ಳಿ / 0012345678901234

ಸದಸ್ಯರ ನಂಬರ್, ಹೆಸರು, ಊರು, ಬ್ಯಾಂಕ್ ಖಾತೆ ಎಲ್ಲ ಬೇರೆ ಬೇರೆ ಕಾಲಮ್ಮಿಗೆ ಬರಬೇಕು. ವರ್ಡ್‌ನಲ್ಲಿ ಸ್ಪ್ಲಿಟ್ ಸೆಲ್ಸ್ ಇದೆ ಅಲ್ವಾ, ಎಕ್ಸೆಲ್‌ನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಇನ್ನೊಂದು ವಿಷಯ. ಆರು ಹಳ್ಳಿಗೆ ಆರು ಶೀಟ್ ಇವೆ. ಮೊದಲ ಶೀಟಿನಲ್ಲಿ ಹಳ್ಳಿ ಹೆಸರು ಒತ್ತಿದರೆ ಆ ಶೀಟ್ ತೆರೆಯಬೇಕು. ನಮ್ಮಲ್ಲಿರೋದು ಎಕ್ಸೆಲ್ 2016.

ಉತ್ತರ:
ನಮಸ್ಕಾರ ಸರ್. ನೀವು ಹುಡುಕಿದ್ದು ಸಿಗದೇ ಇರೋದು ಸಹಜ. ಎಕ್ಸೆಲ್‌ನಲ್ಲಿ ಒಂದು ಸೆಲ್ಲನ್ನು ಎರಡು ಮಾಡೋಕೆ ಆಗೋದಿಲ್ಲ. ಮರ್ಜ್ ಮಾಡಿದ್ದರೆ ಬಿಡಿಸಬಹುದು, ಅಷ್ಟೇ. ಇಲ್ಲಿ ಬಿಡಿಸಬೇಕಾದದ್ದು ಸೆಲ್ ಅಲ್ಲ, ಅದರೊಳಗಿನ ಬರಹ. ಅದಕ್ಕೆ ಡೇಟಾ ಟ್ಯಾಬಿನಲ್ಲಿ ಟೆಕ್ಸ್ಟ್ ಟು ಕಾಲಮ್ಸ್ ಇದೆ.

ಆದರೆ ಅದನ್ನು ಒತ್ತುವ ಮುಂಚೆ ದಯವಿಟ್ಟು ಇದನ್ನು ಓದಿ. ಈಗ ಖಾತೆ ನಂಬರ್ ಹೆಸರಿನ ಜೊತೆ ಒಂದೇ ಸೆಲ್‌ನಲ್ಲಿದೆ. ಹಾಗಿರುವವರೆಗೂ ಎಕ್ಸೆಲ್ ಅದನ್ನು ಬರಹ ಅಂತಲೇ ನೋಡುತ್ತದೆ, ಒಂದು ಅಂಕಿಯೂ ಆಚೀಚೆ ಆಗೋದಿಲ್ಲ. ಬಿಡಿಸಿದ ಕೂಡಲೇ ಅದನ್ನು ಸಂಖ್ಯೆ ಅಂದುಕೊಳ್ಳುತ್ತದೆ. ಆಗ 027 ಹೋಗಿ 27 ಆಗುತ್ತದೆ. ಖಾತೆ ನಂಬರಿನ ಮುಂದಿನ ಎರಡು ಸೊನ್ನೆ ಮಾಯ. ಇನ್ನೂ ಕೆಟ್ಟದ್ದು ಏನೆಂದರೆ, ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಸರಿಯಾಗಿ ಇಟ್ಟುಕೊಳ್ಳುತ್ತದೆ. ಸೊನ್ನೆಯಿಂದ ಶುರುವಾಗದ 16 ಅಂಕಿಯ ಖಾತೆಯಾದರೆ ಕೊನೆಯ ಅಂಕಿ ಏನೇ ಇದ್ದರೂ 0 ಆಗಿಬಿಡುತ್ತದೆ. ಆಮೇಲೆ ಫಾರ್ಮ್ಯಾಟ್ ಬದಲಿಸಿದರೂ ಅದು ವಾಪಸ್ ಬರೋದಿಲ್ಲ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಚೇರಿಯಲ್ಲಿ ಹೀಗೇ ಆಗಿ, ಒಂದಿಡೀ ಪಟ್ಟಿಯ ಹಣ ಜಮಾ ಆಗದೆ ವಾಪಸ್ ಬಂತು. ಮೂಲ ಫೈಲಿನ ಮೇಲೇ ಸೇವ್ ಮಾಡಿದ್ದೆವು. ಪಾಸ್‌ಬುಕ್ ತರಿಸಿ ಒಂದೊಂದೇ ನಂಬರ್ ಮತ್ತೆ ಹಾಕಬೇಕಾಯಿತು. ಹಾಲಿನ ದುಡ್ಡಿಗೆ ಕಾಯುತ್ತಿರುವವರಿಗೆ ಹಾಗಾಗಬಾರದು.

ಹೀಗಾಗಿ ಮೊದಲ ಕೆಲಸ, ಶೀಟಿನ ಒಂದು ನಕಲು ಮಾಡಿ. ಕೆಳಗಿನ ಶೀಟ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಮೂವ್ ಆರ್ ಕಾಪಿ ಸಿಗುತ್ತದೆ. ಮೂಲವನ್ನು ಮುಟ್ಟಬೇಡಿ.

ನಕಲಿನಲ್ಲಿ ಆ ಕಾಲಮ್ಮನ್ನು ಆರಿಸಿ, ಕಂಟ್ರೋಲ್ ಎಚ್ ಒತ್ತಿ. ಸ್ಪೇಸ್, ಸ್ಲ್ಯಾಶ್, ಸ್ಪೇಸ್ ಇರುವ ಕಡೆ ಬರೀ ಸ್ಲ್ಯಾಶ್ ಬರುವಂತೆ ರಿಪ್ಲೇಸ್ ಮಾಡಿ. ಇಲ್ಲದಿದ್ದರೆ ಪ್ರತಿ ಹೆಸರಿನ ಮುಂದೆ ಕಾಣದ ಒಂದು ಸ್ಪೇಸ್ ಉಳಿದು, ಮುಂದೆ ಹೆಸರು ಹುಡುಕಿ ವಿವರ ತರುವ ವಿಲುಕಪ್ ಫಾರ್ಮುಲಾ ಹಾಕಿದಾಗ ಸತಾಯಿಸುತ್ತದೆ. ಬಲಗಡೆ ನಾಲ್ಕು ಕಾಲಮ್ ಖಾಲಿ ಇರಲಿ, ಅಲ್ಲಿ ಏನಾದರೂ ಇದ್ದರೆ ಅದರ ಮೇಲೇ ಬರೆದುಬಿಡುತ್ತದೆ. ಈಗ ಟೆಕ್ಸ್ಟ್ ಟು ಕಾಲಮ್ಸ್ ತೆರೆಯಿರಿ. ಮೊದಲ ಹಂತದಲ್ಲಿ ಡಿಲಿಮಿಟೆಡ್ ಆರಿಸಿ. ಎರಡನೆಯದರಲ್ಲಿ ಅದರ್ ಎಂಬಲ್ಲಿ ಸ್ಲ್ಯಾಶ್ ಹಾಕಿ. ಮೂರನೆಯ ಹಂತವನ್ನು ತುಂಬಾ ಜನ ನೋಡದೆ ಫಿನಿಶ್ ಒತ್ತುತ್ತಾರೆ. ಎಲ್ಲ ಇರೋದೇ ಅಲ್ಲಿ. ಕೆಳಗೆ ಕಾಣುವ ಮಾದರಿಯಲ್ಲಿ ಸದಸ್ಯರ ನಂಬರಿನ ಕಾಲಮ್ ಮೇಲೆ ಕ್ಲಿಕ್ ಮಾಡಿ, ಮೇಲೆ ಟೆಕ್ಸ್ಟ್ ಆರಿಸಿ. ಖಾತೆ ಕಾಲಮ್ಮಿಗೂ ಹಾಗೇ ಮಾಡಿ. ಡೆಸ್ಟಿನೇಷನ್‌ನಲ್ಲಿ ಪಕ್ಕದ ಖಾಲಿ ಕಾಲಮ್ಮಿನ ಸೆಲ್ ಕೊಡಿ, ಆಗ ಹಳೇ ಸಾಲು ಪಕ್ಕದಲ್ಲೇ ಇದ್ದು ಹೋಲಿಸಿ ನೋಡಬಹುದು. ಆಮೇಲೆ ಫಿನಿಶ್.

ಮತ್ತೊಬ್ಬ ಸದಸ್ಯರ ಪ್ರಶ್ನೆ:
ಮೇಡಂ, ನಮ್ಮ ಪಂಚಾಯಿತಿ ಪಟ್ಟಿಯಲ್ಲೂ ಬಿನ್, ಕೋಂ ಅಂತ ಇದೆ. ಹೆಸರು ಬೇರೆ, ತಂದೆ ಅಥವಾ ಗಂಡನ ಹೆಸರು ಬೇರೆ ಬೇಕು. ಸ್ಪೇಸ್ ಇಟ್ಟು ಬಿಡಿಸಿದರೆ ಇನಿಶಿಯಲ್ ಇದ್ದವರ ಹೆಸರೆಲ್ಲ ಚೆಲ್ಲಾಪಿಲ್ಲಿ. ಎಡಗಡೆಯಿಂದ ಇಷ್ಟು ಅಕ್ಷರ ಅಂತ ತೆಗೆಯುವ ಲೆಫ್ಟ್ ಫಾರ್ಮುಲಾ ಹಾಕಿದರೆ ಒತ್ತಕ್ಷರವೇ ಮುರಿಯಿತು.

ಉತ್ತರ:
ಒಳ್ಳೆಯ ಪ್ರಶ್ನೆ, ಇಂಗ್ಲಿಷ್ ಪಾಠಗಳಲ್ಲಿ ಇದು ಬರೋದೇ ಇಲ್ಲ. ಕೃಷ್ಣ ಅಂದರೆ ನಮಗೆ ಎರಡು ಅಕ್ಷರ. ಎಕ್ಸೆಲ್‌ಗೆ ಐದು. ಕ, ಋ ಕಾರದ ಚಿಹ್ನೆ, ಷ, ಅರ್ಧಾಕ್ಷರದ ಚಿಹ್ನೆ, ಣ. ಲೆಫ್ಟ್‌ನಲ್ಲಿ 4 ಕೊಟ್ಟರೆ ಕೃಷ್ ಅಂತ ಬಂದು ಣ ಉದುರುತ್ತದೆ. ಹಾಗಾಗಿ ಯೂನಿಕೋಡ್ ಕನ್ನಡದಲ್ಲಿ ಅಕ್ಷರ ಎಣಿಸಿ ಕತ್ತರಿಸಬೇಡಿ. ಟೆಕ್ಸ್ಟ್ ಟು ಕಾಲಮ್ಸ್‌ನ ಫಿಕ್ಸೆಡ್ ವಿಡ್ತ್ ಕೂಡ ಬೇಡ. ಪದ ಹಿಡಿದು ಬಿಡಿಸಿ.

ಹೆಸರಿನ ಕಾಲಮ್ ಮಾತ್ರ ಆರಿಸಿ. ಕಂಟ್ರೋಲ್ ಎಚ್‌ನಲ್ಲಿ, ಎರಡೂ ಕಡೆ ಸ್ಪೇಸ್ ಇರುವ ಬಿನ್ ಎಂಬುದನ್ನು |ಬಿನ್| ಎಂದು ಬದಲಿಸಿ. ಕೋಂ ಎಂಬುದನ್ನು |ಕೋಂ| ಎಂದು ಬದಲಿಸಿ. ಆಮೇಲೆ ಆ ನಿಂತ ಗೆರೆಯನ್ನೇ ಗುರುತಾಗಿ ಕೊಟ್ಟು ಬಿಡಿಸಿ. ಹೆಸರು, ಸಂಬಂಧ, ತಂದೆ ಅಥವಾ ಗಂಡನ ಹೆಸರು, ಮೂರು ಕಾಲಮ್ ಬರುತ್ತವೆ. ಎರಡೂ ಕಡೆ ಸ್ಪೇಸ್ ಯಾಕೆ ಅಂದರೆ, ಇಲ್ಲದಿದ್ದರೆ ರಾಬಿನ್ ಅನ್ನುವ ಹೆಸರೂ ಎರಡು ತುಂಡಾಗುತ್ತದೆ.

ಕಂಟ್ರೋಲ್ ಇ ಒತ್ತಿದರೆ ಫ್ಲ್ಯಾಶ್ ಫಿಲ್ ತಾನೇ ಊಹಿಸಿ ತುಂಬುತ್ತದೆ. 2016ರಲ್ಲೂ ಇದೆ. ಹತ್ತಿಪ್ಪತ್ತು ಸಾಲಿಗೆ ಚೆನ್ನ. ಹಣ ಹೋಗುವ ಪಟ್ಟಿಗೆ ನಾನು ಬಳಸೋದಿಲ್ಲ.

ಮೊದಲ ಸದಸ್ಯರು:
ಮೇಡಂ, ಲಿಂಕಿನದ್ದು?

ಉತ್ತರ:
ಹ್ಞಾಂ, ಬಂದೆ. ಬರೀ ಸದಸ್ಯರ ಪಟ್ಟಿಯಾಗಿದ್ದರೆ ಒಂದೇ ಶೀಟಿನಲ್ಲಿಟ್ಟು ಊರಿನ ಕಾಲಮ್ಮಿಗೆ ಫಿಲ್ಟರ್ ಹಾಕಿ ಅನ್ನುತ್ತಿದ್ದೆ. ಹಳ್ಳಿವಾರು ತಿಂಗಳ ಲೆಕ್ಕ ಇದ್ದರೆ ಬೇರೆ ಶೀಟ್ ಸರಿ.

ಮೊದಲಿಗೆ ಪರಿವಿಡಿ ಅಂತ ಒಂದು ಶೀಟ್ ಮಾಡಿ. ಬಿ3ರಿಂದ ಕೆಳಕ್ಕೆ ಆರು ಹಳ್ಳಿಯ ಹೆಸರು ಬರೆಯಿರಿ. ಶೀಟಿನ ಹೆಸರು ಹೇಗಿದೆಯೋ ಹಾಗೇ ಇರಬೇಕು, ಕೊನೆಯಲ್ಲಿ ಒಂದು ಸ್ಪೇಸ್ ಜಾಸ್ತಿ ಇದ್ದರೂ ಲಿಂಕ್ ಕೆಲಸ ಮಾಡೋದಿಲ್ಲ. ಸಿ3ರಲ್ಲಿ ಈ ಫಾರ್ಮುಲಾ ಹಾಕಿ. ಫಾರ್ಮುಲಾದ ಹೆಸರು, ಸೆಲ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕು.

=ಹೈಪರ್‌ಲಿಂಕ್("#'"&ಬಿ3&"'!ಎ1", ಬಿ3)

ಹ್ಯಾಶ್ ಅಂದರೆ ಇದೇ ಫೈಲಿನೊಳಗೆ ಅಂತ. ಒಂಟಿ ಉದ್ಧರಣ ಚಿಹ್ನೆ ಇರೋದು ಶೀಟಿನ ಹೆಸರಲ್ಲಿ ಸ್ಪೇಸ್ ಇದ್ದರೂ ನಡೆಯಲಿ ಅಂತ. ಕೆಳಕ್ಕೆ ಎಳೆದರೆ ಆರೂ ಲಿಂಕ್ ಸಿದ್ಧ.

ವಾಪಸ್ ಬರುವ ಲಿಂಕ್ ಒಂದೇ ಸಲಕ್ಕೆ ಆರು ಶೀಟಿಗೂ ಹಾಕಬಹುದು. ಮೊದಲ ಹಳ್ಳಿಯ ಶೀಟ್ ಒತ್ತಿ, ಶಿಫ್ಟ್ ಹಿಡಿದು ಕೊನೆಯದನ್ನು ಒತ್ತಿ. ಆರೂ ಗುಂಪಾಗುತ್ತವೆ. ಮೇಲೆ ಒಂದು ಸಾಲು ಸೇರಿಸಿ, ಎ1ರಲ್ಲಿ ಬರೆಯಿರಿ:

=ಹೈಪರ್‌ಲಿಂಕ್("#'ಪರಿವಿಡಿ'!ಎ1", "ಪರಿವಿಡಿಗೆ")

ಮುಗಿದ ತಕ್ಷಣ ಶೀಟ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಗ್ರೂಪ್ ಮಾಡಿ. ಮರೆತರೆ ಒಂದು ಹಳ್ಳಿಗೆ ಬರೆದ ಲೀಟರ್ ಲೆಕ್ಕ ಆರು ಹಳ್ಳಿಗೂ ಬೀಳುತ್ತದೆ.

ಮೊದಲ ಸದಸ್ಯರು:
ಕಂಟ್ರೋಲ್ ಕೆ ಒತ್ತಿಯೂ ಲಿಂಕ್ ಕೊಡಬಹುದಂತೆ?

ಉತ್ತರ:
ಕೊಡಬಹುದು, ಪ್ಲೇಸ್ ಇನ್ ದಿಸ್ ಡಾಕ್ಯುಮೆಂಟ್ ಆರಿಸಬೇಕು. ಆದರೆ ನಾಳೆ ಶೀಟಿನ ಹೆಸರು ಬದಲಿಸಿದರೆ ಆ ಲಿಂಕ್ ಸತ್ತಂತೆ. ನನ್ನ ಫಾರ್ಮುಲಾದಲ್ಲಿ ಬಿ ಕಾಲಮ್ಮಿನ ಹೆಸರು ತಿದ್ದಿದರೆ ಸಾಕು.

ಮೊದಲ ಸದಸ್ಯರು (ಮರುದಿನ):
ಮೇಡಂ, ಲಿಂಕ್ ಎಲ್ಲ ಓಡುತ್ತಿವೆ. ಸೊನ್ನೆಗಳೂ ಉಳಿದಿವೆ. ಆದರೆ 312ರಲ್ಲಿ 9 ಸಾಲಿಗೆ ಖಾತೆ ಕಾಲಮ್ ಖಾಲಿ. ಅಲ್ಲೆಲ್ಲ ಸ್ಲ್ಯಾಶ್ ಬದಲು ಡ್ಯಾಶ್ ಹಾಕಿದ್ದಾರೆ.

ಉತ್ತರ:
ಕೊನೆಯ ಕಾಲಮ್ಮಿಗೆ ಫಿಲ್ಟರ್ ಹಾಕಿ ಬ್ಲ್ಯಾಂಕ್ಸ್ ಮಾತ್ರ ಆರಿಸಿ. ಪಕ್ಕದಲ್ಲಿ ಹಳೇ ಸಾಲು ಇದೆಯಲ್ಲ, ಅಲ್ಲಿ ಆ 9ರ ಡ್ಯಾಶನ್ನು ಕೈಯಿಂದಲೇ ಸ್ಲ್ಯಾಶ್ ಮಾಡಿ. ಆಮೇಲೆ ಫಿಲ್ಟರ್ ತೆಗೆದು ಪೂರ್ತಿ ಕಾಲಮ್ಮನ್ನು ಇನ್ನೊಮ್ಮೆ ಬಿಡಿಸಿ. ಮೂರನೆಯ ಹಂತದಲ್ಲಿ ಟೆಕ್ಸ್ಟ್ ಮತ್ತೆ ಆರಿಸಬೇಕು, ಅದು ತಾನಾಗಿ ನೆನಪಿಟ್ಟುಕೊಳ್ಳೋದಿಲ್ಲ.